ಮೂವತ್ತು ಡಾಲರಿನ ಗುಂಡು

ಟೆಕ್ಸಸ್‌ನಲ್ಲಿರುವ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ಕೆಲಸ ಹೋಯ್ತು. ಗ್ರೀನ್ ಕಾರ್ಡ್ ಹೇಗೂ ಇದೆ. ಸಣ್ಣದಾಗಿ ಗುಂಡಿನ ವ್ಯಾಪಾರ ಶುರು ಮಾಡೋಣ ಅಂತ."

ನನಗೆ ಖುಷಿಯೇ ಆಯಿತು. ನಮ್ಮ ವಂಶದಲ್ಲಿ ಗುಂಡು ಹಾಕಿದವರು ಬೇಕಾದಷ್ಟು ಜನ, ಮಾರಲು ಹೊರಟವನು ಇವನೊಬ್ಬನೇ. ಆದರೂ ಕೇಳಿದೆ: "ಅಷ್ಟು ದುಡ್ಡು ಎಲ್ಲಿದೆಯೋ? ಇಲ್ಲಿ 1992ರಲ್ಲೇ ಬಾರ್‌ಗಳಿಗೆ ಹೊಸ ಸನ್ನದು ಕೊಡೋದು ನಿಂತಿತು. ಹಳೇದು ಕೊಳ್ಳೋಕೆ ಹೋದರೆ ಕೋಟಿಗಳ ಮಾತು."

"ಆ ಗುಂಡಲ್ಲ ಮಾವ. ಢಂ ಅನ್ನೋ ಗುಂಡು. ಲೈಸೆನ್ಸ್ 3 ವರ್ಷಕ್ಕೆ 30 ಡಾಲರ್."

ಲೈಸೆನ್ಸ್ ಕೊಡುವ ಬ್ಯೂರೋ ಹೆಸರು ಕೇಳಿದೆ. ಮದ್ಯ, ತಂಬಾಕು, ಬಂದೂಕು ಮತ್ತು ಸ್ಫೋಟಕಗಳ ಬ್ಯೂರೋ ಅಂತೆ. ಎರಡೂ ಗುಂಡು ಒಂದೇ ಬೋರ್ಡಿನ ಮೇಲೆ! ಅರ್ಜಿಗೆ ಫೋಟೋ, ಬೆರಳಚ್ಚು ಬೇಕು. ಪರೀಕ್ಷೆ, ತರಬೇತಿ ಏನೂ ಇಲ್ಲ. ಅದೇ ಟೆಕ್ಸಸ್‌ನಲ್ಲಿ ತಲೆಗೆ ಗುಂಡು ಹೊಡೆಯುವ ಕ್ಷೌರಿಕನಿಗೆ ಮಾತ್ರ 1,000 ಗಂಟೆ ತರಬೇತಿ ಆಗಬೇಕು. ಕತ್ತರಿ ಅಪಾಯದ ವಸ್ತು ನೋಡಿ.

ಕೆಲಸವೇನೋ ಟೈಲರ್ ರವಿಕೆ ಹೊಲಿದ ಹಾಗೆಯೇ. ಗಿರಾಕಿಯ ಬಂದೂಕಿನ ಅಳತೆ, ಅವನು ಕೇಳಿದ ತೂಕ. ಸೀಸ 327 ಡಿಗ್ರಿಗೆ ಕರಗುತ್ತದೆ, ಅಚ್ಚಿಗೆ ಸುರಿದರಾಯಿತು. ಕ್ಯಾಲಿಫೋರ್ನಿಯಾದ ಬೇಟೆಗಾರರಿಗೆ ಮಾತ್ರ ತಾಮ್ರದ್ದು. ಅಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡು ನಿಷೇಧ. ಸತ್ತ ಪ್ರಾಣಿಯನ್ನು ತಿನ್ನುವ ಕಾಂಡೋರ್ ರಣಹದ್ದಿಗೆ ಸೀಸ ವಿಷವಂತೆ. ಜಿಂಕೆ ಸಾಯಲಿ, ಹದ್ದಿನ ಊಟ ಮಾತ್ರ ಶುಚಿಯಾಗಿರಬೇಕು. ತೋಟಾ ಮೇಲೆ 11 ಶೇಕಡಾ ತೆರಿಗೆಯೂ ಉಂಟು. 1937ರ ಕಾನೂನಿನ ಪ್ರಕಾರ ಆ ದುಡ್ಡು ಹೋಗುವುದು ವನ್ಯಜೀವಿ ರಕ್ಷಣೆಗೆ. ಜಾಸ್ತಿ ಗುಂಡು ಹಾರಿದಷ್ಟೂ ಕಾಡಿಗೆ ಜಾಸ್ತಿ ದುಡ್ಡು.

"ಇದರಲ್ಲಿ ನಿನ್ನ ವಿಶೇಷ ಏನಪ್ಪಾ? ಗುಂಡು ಮಾಡೋರು ಅಲ್ಲಿ ಸಾವಿರ ಜನ ಇರ್ತಾರಲ್ಲ."

"ಬೂದಿ, ಮಾವ."

ಸುಮ್ನೆ ತಮಾಷೆ ಅಂದುಕೊಂಡೆ. ಅಲ್ಲ. ಅಲಬಾಮಾದಲ್ಲಿ ಇಬ್ಬರು ವನ್ಯಜೀವಿ ಅಧಿಕಾರಿಗಳು 'ಹೋಲಿ ಸ್ಮೋಕ್' ಅಂತ ಕಂಪನಿಯನ್ನೇ ಕಟ್ಟಿದ್ದರು. ಸತ್ತವರ ಚಿತಾಭಸ್ಮ ಕಳಿಸಿದರೆ ತೋಟಾದೊಳಗೆ ತುಂಬಿ ವಾಪಸ್ ಕಳಿಸುತ್ತಿದ್ದರು. ಒಂದು ಪೌಂಡ್ ಬೂದಿಗೆ 250 ತೋಟಾ. ಅಪ್ಪನ ಜೊತೆ ಬೇಟೆಗೆ ಹೋಗುತ್ತಿದ್ದ ಮಗ ಈಗ ಅಪ್ಪನನ್ನೇ ನಳಿಕೆಗೆ ತುಂಬಿಕೊಂಡು ಹೋಗಬಹುದು. ಗುರಿ ತಪ್ಪಿದರೆ ಯಾರನ್ನು ಬೈಯುವುದೋ ಗೊತ್ತಿಲ್ಲ.

"ನಮ್ಮೋರಿಗೂ ಅನುಕೂಲ ಮಾವ. ಅಸ್ಥಿ ಬಿಡೋಕೆ ಇಂಡಿಯಾಗೆ ಬರೋ ಟಿಕೆಟ್ ಖರ್ಚು ಉಳೀತದೆ."

ಫೋನ್ ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮಮ್ಮ, ಅವನ ಅಜ್ಜಿ, ತಲೆ ಎತ್ತಿದರು.

"ಲೋ, ನಂದು ಪಶ್ಚಿಮವಾಹಿನಿಗೇ ಬಿಡ್ರೋ. ಸತ್ತ ಮೇಲೂ ಕಾಡಲ್ಲಿ ಹಂದಿ ಹಿಂದೆ ಓಡಿಸಬೇಡಿ."