ರೂಟ್‌ಗೆ ಬೀಗ ಜಡಿದು ಸುಡೋ ಒಂದನ್ನೇ ನೆಚ್ಚಬಹುದೇ?

ಲಿನಕ್ಸ್‌ನಲ್ಲಿ ರೂಟ್ ಎಂದರೆ ಎಲ್ಲ ಅಧಿಕಾರವೂ ಇರುವ ಖಾತೆ. ತಮ್ಮದೇ ಖಾತೆಯಲ್ಲಿದ್ದುಕೊಂಡು ಆ ಅಧಿಕಾರದಿಂದ ಕಮಾಂಡ್ ಓಡಿಸಲು ಬಿಡುವ ಪ್ರೋಗ್ರಾಂ ಸುಡೋ.

ಪರ

ಒಂದು ಸರ್ವರ್, ನಾಲ್ವರು ಅಡ್ಮಿನ್‌ಗಳು, ನಾಲ್ವರಿಗೂ ಗೊತ್ತಿರುವ ಒಂದೇ ರೂಟ್ ಪಾಸ್‌ವರ್ಡ್. ರಾತ್ರಿ ಯಾರೋ ಒಂದು ಡೈರೆಕ್ಟರಿ ಅಳಿಸಿದ್ದಾರೆ. ಬೆಳಿಗ್ಗೆ ವಿಚಾರಿಸಿದರೆ ಎಲ್ಲರದೂ ಒಂದೇ ಉತ್ತರ: ನಾನಲ್ಲ. ಸುಡೋ ಮೂಲಕ ಆಗಿದ್ದರೆ ಯಾವ ಖಾತೆ, ಯಾವ ಟರ್ಮಿನಲ್, ಎಲ್ಲಿದ್ದುಕೊಂಡು ಯಾವ ಕಮಾಂಡ್ ಕೊಟ್ಟಿತು ಎಂಬುದೆಲ್ಲ ಲಾಗ್‌ನ ಒಂದೇ ಸಾಲಿನಲ್ಲಿ ಸಿಗುತ್ತಿತ್ತು.

ನಾಲ್ವರಲ್ಲಿ ಒಬ್ಬರು ಕೆಲಸ ಬಿಟ್ಟರೆಂದುಕೊಳ್ಳಿ. ಹಂಚಿಕೊಂಡ ಪಾಸ್‌ವರ್ಡ್ ಆದರೆ ಬದಲಿಸಿ, ಉಳಿದವರಿಗೆಲ್ಲ ಮತ್ತೆ ಗುಟ್ಟಾಗಿ ಮುಟ್ಟಿಸಬೇಕು. ಸುಡೋ ಇದ್ದಲ್ಲಿ ಆ ಒಬ್ಬರ ಖಾತೆ ಮುಚ್ಚಿದರೆ ಸಾಕು. ಖಾತೆ ಉಳಿಸಿ ಅಧಿಕಾರ ಮಾತ್ರ ಕಿತ್ತುಕೊಳ್ಳಬೇಕೆಂದರೆ ಸುಡೋ ಬಳಸಬಲ್ಲವರ ಗುಂಪಿನಿಂದ ತೆಗೆದರಾಯಿತು. ಉಬುಂಟು ಎಂಬ ಲಿನಕ್ಸ್‌ನಲ್ಲಿ ಆ ಗುಂಪಿನ ಹೆಸರೂ ಸುಡೋ, ರೆಡ್ ಹ್ಯಾಟ್ ಲಿನಕ್ಸ್ ಕಡೆ ವೀಲ್.

ಹೊರಗಿನಿಂದ ಪಾಸ್‌ವರ್ಡ್ ಊಹಿಸಿ ನುಗ್ಗುವವರಿಗೂ ರೂಟ್ ಎಂದರೆ ಅಚ್ಚುಮೆಚ್ಚು. ಹೆಸರು ಹುಡುಕುವ ಕಷ್ಟವೇ ಇಲ್ಲವಲ್ಲ! ಉಬುಂಟು 2004ರಲ್ಲೇ ಆ ಬಾಗಿಲಿಗೆ ಬೀಗ ಹಾಕಿತು.

ವಿರೋಧ

ಸುಡೋದಿಂದ ಯಾರು ಏನು ಮಾಡಬಹುದೆಂದು ಹೇಳುವ ನಿಮ್ಮ ಸುಡೋಯರ್ಸ್ ಕಡತವನ್ನು ಒಮ್ಮೆ ತೆರೆದು ನೋಡಿ. ಬಹುಪಾಲು ಕಡೆ ಇರುವುದು 'ಆಲ್, ಆಲ್, ಆಲ್' ಎಂದು ಎಲ್ಲಕ್ಕೂ ಅನುಮತಿ ಕೊಡುವ ಒಂದು ಸಾಲು. ಅಂದಮೇಲೆ ಆ ಬಳಕೆದಾರರ ಪಾಸ್‌ವರ್ಡೇ ರೂಟ್ ಪಾಸ್‌ವರ್ಡ್. ಅದು ಕಳುವಾದರೆ ಕಳ್ಳನಿಗೆ ಮುಂದೆ ಇನ್ನೊಂದು ಬೀಗವಿಲ್ಲ.

ಬಿಗಿ ಮಾಡುತ್ತೇವೆ ಎನ್ನುವವರೂ ಎಡವುತ್ತಾರೆ. ಒಂದೇ ಒಂದು ಕಡತ ತಿದ್ದಲಿ ಎಂದು ವಿಮ್ ಎಂಬ ಎಡಿಟರ್‌ಗೆ ಸುಡೋ ಕೊಟ್ಟರೆ, ಅದರೊಳಗಿನಿಂದಲೇ ರೂಟ್ ಶೆಲ್ (ಯಾವ ಕಮಾಂಡನ್ನಾದರೂ ಕೊಡಬಹುದಾದ ಜಾಗ) ತೆರೆದುಕೊಳ್ಳುತ್ತದೆ. ಎಡಿಟರ್‌ಗೆ ರೂಟ್ ಅಧಿಕಾರ ಕೊಡದೆ ಕಡತ ತಿದ್ದಿಸುವ ಸುಡೋಎಡಿಟ್ ಇರುವುದೇ ಇದಕ್ಕೆ, ಆದರೆ ಬಳಸುವವರನ್ನು ನಾನು ಕಂಡಿದ್ದು ಕಡಿಮೆ. ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್‌ನ ಗುಂಪಿಗೆ ಸೇರಿಸಿದವರಿಗಂತೂ ಸುಡೋ ಬೇಕೇ ಇಲ್ಲ. ಇಡೀ ಡಿಸ್ಕನ್ನು ಕಂಟೇನರ್‌ಗೆ ಮೌಂಟ್ ಮಾಡಿಕೊಂಡರೆ, ಅಂದರೆ ಜೋಡಿಸಿಕೊಂಡರೆ, ಮುಗಿಯಿತು. ಇನ್ನು ಲಾಗ್? ಸುಡೋದಿಂದ ಶೆಲ್ ತೆರೆದದ್ದು ದಾಖಲಾಗುತ್ತದೆ. ಆಮೇಲೆ ಅಲ್ಲಿ ಮಾಡಿದ್ದನ್ನು ದಾಖಲಿಸಲು ಬೇರೆ ಏರ್ಪಾಡು ಬೇಕು.

ಹೆಸರಿಗೆ ತಕ್ಕಂತೆ ಈ ಸುಡೋ ಕೈ ಸುಟ್ಟದ್ದೂ ಉಂಟು. 2011ರಲ್ಲಿ ಅದರ ಕೋಡ್‌ಗೆ ಹೊಕ್ಕ ಒಂದು ದೋಷ ಬಯಲಾದದ್ದು 2021ರ ಜನವರಿಯಲ್ಲಿ. ಸುಡೋಯರ್ಸ್‌ನಲ್ಲಿ ಹೆಸರೇ ಇಲ್ಲದ ಸಾಮಾನ್ಯ ಬಳಕೆದಾರರೂ ಅದರಿಂದ ರೂಟ್ ಆಗಬಹುದಿತ್ತು. ಇಷ್ಟು ದೊಡ್ಡ ಪ್ರೋಗ್ರಾಂ ತಮಗೆ ಬೇಡವೆಂದು ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನವರು 2015ರಲ್ಲೇ ಅದೇ ಕೆಲಸಕ್ಕೆ ಪುಟ್ಟದೊಂದು ಡೂಆಸ್ ಬರೆದುಕೊಂಡಿದ್ದರು.

ನನ್ನ ತಕರಾರು ಇನ್ನೂ ಸಣ್ಣ ವಿಷಯದ್ದು. ಒಮ್ಮೆ ನನ್ನ ಖಾತೆಯನ್ನು ಹೊಸ ಗುಂಪಿಗೆ ಸೇರಿಸಲು ಯೂಸರ್‌ಮಾಡ್ ಎಂಬ ಕಮಾಂಡ್ ಓಡಿಸಿದೆ. ಗುಂಪು ಹೇಳುವ ದೊಡ್ಡ 'ಜಿ' ಹಾಕಿದೆ, ಹಳೆಯವನ್ನು ಉಳಿಸಿ ಸೇರಿಸು ಎನ್ನಲು ಜೊತೆಗಿರಬೇಕಾದ ಚಿಕ್ಕ 'ಎ' ಮರೆತೆ. ಹೊಸ ಗುಂಪು ಬಂತು, ಸುಡೋ ಸೇರಿ ಹಳೆಯವೆಲ್ಲ ಹೋದವು. ಲಾಗಿನ್ ಆಗಿದ್ದ ಸೆಷನ್‌ನಲ್ಲಿ ಎಲ್ಲ ಸರಿಯಾಗೇ ನಡೆಯುತ್ತಿದ್ದರಿಂದ ಗೊತ್ತೂ ಆಗಲಿಲ್ಲ. ಮರುದಿನ ಲಾಗಿನ್ ಆದರೆ ಸುಡೋ ನನ್ನನ್ನು ಗುರುತಿಸಲೊಲ್ಲದು, ರೂಟ್‌ಗೋ ಬೀಗ. ಕೊನೆಗೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್ ಮೌಂಟ್ ಮಾಡಿ, ಗ್ರೂಪ್ ಕಡತದಲ್ಲಿ ನನ್ನ ಹೆಸರನ್ನು ಕೈಯಾರೆ ಬರೆದೆ.