ಓದಿದವರು ಯುದ್ಧ ಮಾಡಲ್ವಂತೆ!

ಈಗಷ್ಟೇ ಒಬ್ಬ ಮಹನೀಯರ ಭಾಷಣದ ವಿಡಿಯೋ ನೋಡಿ ಮೈ ಉರಿದುಹೋಯಿತು. 18ನೇ ಶತಮಾನದಲ್ಲಿ ಯೂರೋಪಿನವರು ಪುಸ್ತಕ ಓದಿ ವಿಚಾರವಂತರಾದರಂತೆ, ಯುದ್ಧದ ಹುಚ್ಚು ಬಿಟ್ಟರಂತೆ. ಚಪ್ಪಾಳೆ ಬೇರೆ!

ಯಾವ ಯೂರೋಪು ಸ್ವಾಮಿ? ಪ್ರಷ್ಯಾ ಅನ್ನೋ ಜರ್ಮನ್ ರಾಜ್ಯದ ದೊರೆ ಫ್ರೆಡರಿಕ್, ಅಧಿಕಾರಕ್ಕಾಗಿ ದೊರೆ ಮೋಸ ಮಾಡಿದರೂ ಸರಿ ಅಂದ ಇಟಲಿಯ ಮೆಕಿಯಾವೆಲ್ಲಿಯನ್ನು ಜಾಡಿಸಿ, ದೊರೆ ನ್ಯಾಯವಂತನಾಗಿರಬೇಕು ಅಂತ ಬರೆದ ಪುಸ್ತಕ 1740ರಲ್ಲಿ ಹೊರಬಂತು. ತಿದ್ದಿ ಅಚ್ಚು ಹಾಕಿಸಿದ್ದು ಫ್ರಾನ್ಸಿನ ದೊಡ್ಡ ಲೇಖಕ ವೋಲ್ಟೇರ್. ಅದೇ ಡಿಸೆಂಬರಿನಲ್ಲಿ ಫ್ರೆಡರಿಕ್ ಆಸ್ಟ್ರಿಯಾದ ಕೈಯಲ್ಲಿದ್ದ ಸೈಲೀಸಿಯಾ ಪ್ರಾಂತ್ಯಕ್ಕೆ ಸೈನ್ಯ ನುಗ್ಗಿಸಿದ. ಓದು ಕಡಿಮೆಯಾಗಿತ್ತಾ?

ನನ್ನ ಹುಚ್ಚು ನಿಮಗೆ ಗೊತ್ತಲ್ಲ, ಸಿಟ್ಟಿಗೆ ಅಝರ್ ಗಾಟ್ ಪುಸ್ತಕ ತೆಗೆದು ಕೂತೆ. ಯುದ್ಧದ ಚಿಂತನೆ ಎಲ್ಲಿಂದ ಬಂತು ಅಂತ ಈ ಇತಿಹಾಸಕಾರ 1989ರಲ್ಲೇ ಬರೆದಿಟ್ಟಿದ್ದಾನೆ. ನ್ಯೂಟನ್ ಆಕಾಶದ ನಿಯಮ ಹೇಳಿದ ಮೇಲೆ ಸೇನಾಧಿಕಾರಿಗಳಿಗೂ ಆಸೆ ಹುಟ್ಟಿತು, ಯುದ್ಧಕ್ಕೂ ಅಂಥ ನಿಯಮ ಇರಲೇಬೇಕು ಅಂತ. ಕೋಟೆಯ ಮುತ್ತಿಗೆಯನ್ನು ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್ ಆಗಲೇ ರೇಖಾಗಣಿತ ಮಾಡಿಟ್ಟಿದ್ದ. ಬಯಲಿನ ಯುದ್ಧಕ್ಕೂ ಅದೇ ಆಗಬೇಕು ಅಂತ ಫ್ರಾನ್ಸಿನ ಸೇನಾಧಿಕಾರಿ ಪ್ಯುಸೆಗೂರ್ ಹೊರಟ. ಪ್ರಷ್ಯಾದ ಯುದ್ಧ ಲೇಖಕ ಬ್ಯೂಲೋ ಅಂತೂ 1799ರಲ್ಲಿ ಕೋನಮಾಪಕ ಹಿಡಿದೇ ಕೂತ. ಸೈನ್ಯಕ್ಕೆ ಸಾಮಗ್ರಿ ಒದಗಿಸುವ ನೆಲೆಯ ಎರಡು ತುದಿಯಿಂದ ಗುರಿಗೆ ಗೆರೆ ಎಳೆದರೆ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಬಾರದಂತೆ! 1806ರಲ್ಲಿ ಯೇನಾದಲ್ಲಿ ಪ್ರಷ್ಯಾವನ್ನು ಪುಡಿಗಟ್ಟುವಾಗ ನೆಪೋಲಿಯನ್ ಯಾರ ಕೋನವನ್ನೂ ಕೇಳಲಿಲ್ಲ.

ಇದು ಬರೀ ಹುಚ್ಚಾಟ ಅಂತ ನಗಬೇಡಿ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಲೋಲಕ ಇಟ್ಟು ಗುಂಡಿನ ವೇಗ ಅಳೆದು 1742ರಲ್ಲಿ ಪುಸ್ತಕ ಬರೆದ. ಅದನ್ನು ಜರ್ಮನ್‌ಗೆ ತಂದವನು ಗಣಿತದ ಆಯ್ಲರ್, ಫ್ರೆಡರಿಕ್‌ನ ಬರ್ಲಿನ್‌ನಲ್ಲಿ ಕೂತು. (ರಾಬಿನ್ಸ್ ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆ ಕೆಲಸಕ್ಕೆ ಬಂದು 1751ರಲ್ಲಿ ಕಡಲೂರಿನ ಹತ್ತಿರ ತೀರಿಕೊಂಡ.) ಓದಿದವರು ಯುದ್ಧ ಬಿಡಲಿಲ್ಲ, ಗುರಿ ಸರಿಮಾಡಿಕೊಂಡರು.

ವೋಲ್ಟೇರ್ ಯುದ್ಧವನ್ನು ಗೇಲಿ ಮಾಡಲಿಲ್ವಾ ಅಂತೀರಿ. ಮಾಡಿದ, 1759ರಲ್ಲಿ, 'ಕ್ಯಾಂಡೀಡ್' ಅನ್ನೋ ಕಥೆಯಲ್ಲಿ, ಚೆನ್ನಾಗೇ ಮಾಡಿದ. ಹತ್ತು ವರ್ಷ ಕಳೆದ ಮೇಲೆ ಅದೇ ಪುಣ್ಯಾತ್ಮ ರಷ್ಯಾದ ರಾಣಿ ಕ್ಯಾಥರೀನ್‌ಗೆ ಪತ್ರ ಬರೆದು, ತುರ್ಕರ ಮೇಲೆ ಹಳೇ ಕಾಲದ ಯುದ್ಧರಥ ಬಿಡಿ ಅಂತ ಸಲಹೆ ಕೊಡುತ್ತಿದ್ದ. ರಥ! ಕುರುಕ್ಷೇತ್ರಕ್ಕೆ ಕರೆದಿದ್ದರೆ ಬಂದೇ ಬಿಡುತ್ತಿದ್ದನೋ ಏನೋ.

ನಿಜ ಹೇಳಲಾ? ಕಾಲೇಜಿನಿಂದಲೂ ನನಗೆ ಇವರೆಲ್ಲ ತುಂಬಾ ಇಷ್ಟ. ಈಗಲೂ ಇಷ್ಟ. ಅದಕ್ಕೇ ಇವರನ್ನು ಶಾಂತಿದೂತರನ್ನಾಗಿ ಮಾಡಿ ಹಾರ ಹಾಕುವವರನ್ನು ಕಂಡರೆ ಆಗಲ್ಲ.

ಕಾಮೆಂಟಿನಲ್ಲಿ, ಶಾಶ್ವತ ಶಾಂತಿಯ ಬಗ್ಗೆ ಬರೆದ ಜರ್ಮನ್ ತತ್ವಜ್ಞಾನಿ ಕಾಂಟ್ ಹೆಸರು ತೆಗೆಯುವವರಿದ್ದೀರಿ, ಗೊತ್ತು. ತೆಗೆಯಿರಿ. ಊಟ ಮಾಡಿ ಬಂದು ಜಗಳ ಆಡುತ್ತೇನೆ.