ಉಡಾಕಾ, ಕೊಡಾಕಾ?

ಈಗಷ್ಟೇ ದಾವಣಗೆರೆಯ ಚೌಕಿಪೇಟೆಯಿಂದ ಬಂದೆ, ತಲೆ ಇನ್ನೂ ಬಿಸಿ ಇದೆ. ಮದುವೆ ಜವಳಿ ತೆಗೆಯಲು ಬಂದವರಿಗೆ ಅಂಗಡಿಯವನ ಮೊದಲ ಪ್ರಶ್ನೆ: "ಉಡಾಕೇನಕ್ಕಾ, ಕೊಡಾಕಾ?"

"ಕೊಡಾಕಪ್ಪಾ, ಮೂವತ್ತು ತೆಗಿ."

ಮುಗೀತು. ಯಾವ ಬಣ್ಣ, ಯಾರಿಗೆ ಒಪ್ಪುತ್ತೆ, ಒಬ್ಬರೂ ಕೇಳಲಿಲ್ಲ. ಕೊಡುವ ಸೀರೆಯನ್ನು ಯಾರೂ ಉಡಲ್ಲ ಅಂತ ಮಾರುವವನಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು, ಇಸ್ಕೊಳ್ಳುವವರಿಗಂತೂ ಬಾಯಿಪಾಠ.

ಉಡುವ ಸೀರೆ ಐದೂವರೆ ಮೀಟರ್, ರವಿಕೆಗೆ ಮೇಲೆ 80 ಸೆಂ.ಮೀ. ಕೊಡುವ ಸೀರೆ ಬಿಚ್ಚಿ ಅಳೆದು ನೋಡಿ. ಎಷ್ಟೋ ಸಲ ಐದು ಮೀಟರಿಗೇ ಉಸಿರು ಬಿಡುತ್ತೆ, ನಾಲ್ಕು ನಿರಿಗೆ ಹಿಡಿಯುವಷ್ಟರಲ್ಲಿ ಸೆರಗು ಮೋಟು. ಉಡಬೇಕೆಂದರೆ ಫಾಲ್ ಹಚ್ಚಿಸಬೇಕು, ಜಿಗ್‌ಜಾಗ್ ಹಾಕಿಸಬೇಕು. ಅದಕ್ಕೆ ಖರ್ಚು ಮಾಡುವ ಮನಸ್ಸು ಯಾರಿಗೂ ಬರಲ್ಲ. ಇನ್ನು ಜಂಪರ್ (ರವಿಕೆ) ಪೀಸು! 80 ಸೆಂ.ಮೀ.ನಲ್ಲಿ ಮೊಣಕೈವರೆಗಿನ ತೋಳು ಕತ್ತರಿಸಿದರೆ ಪಟ್ಟಿಗೆ ಬಟ್ಟೆ ಸಾಲಲ್ಲ. ತೆಳು ಬಟ್ಟೆ, ಲೈನಿಂಗ್ ಬೇಕೇ ಬೇಕು. 40 ರೂಪಾಯಿ ಪೀಸಿಗೆ 300 ರೂಪಾಯಿ ಹೊಲಿಗೆ ಕೊಡುವವರು ಯಾರು? ಹಾಗಾಗಿ ಅದು ಅರಿಶಿಣ-ಕುಂಕುಮದ ಕಲೆ ಸಮೇತ ಸೀಮಂತದಿಂದ ಗೃಹಪ್ರವೇಶಕ್ಕೆ, ಅಲ್ಲಿಂದ ನಾಮಕರಣಕ್ಕೆ ಊರೂರು ಸುತ್ತುತ್ತೆ. (ನನ್ನ ಬೀರುವೇನೂ ಖಾಲಿ ಇಲ್ಲ ಬಿಡಿ.)

ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿ ನಿಂತು ಸೂರತ್ತಿನ ಪಾಲಿಯೆಸ್ಟರನ್ನು ಡಜನ್ ಲೆಕ್ಕದಲ್ಲಿ ಹೊರುತ್ತೇವೆ. ಆ ಮೂವತ್ತರ ದುಡ್ಡಿಗೆ ಪಕ್ಕದ ಜಿಲ್ಲೆಯ ಮೊಳಕಾಲ್ಮುರಿನ ರೇಷ್ಮೆ ಸೀರೆ ಒಂದೋ ಎರಡೋ ಬಂದರೂ, ಮದುಮಗಳಾದರೂ ಉಟ್ಟಾಳು!

ಇದು ಮುಯ್ಯಿ, ಇವತ್ತು ಇಸ್ಕೊಂಡಿದ್ದನ್ನ ನಾಳೆ ತಿರುಗಿ ಕೊಡೋ ಪದ್ಧತಿ. "ಮುಯ್ಯಿ ಅಂದ್ರೆ ಒಬ್ಬರಿಗೊಬ್ಬರು ಆಗೋದು" ಅಂತೀರಿ. ನಿಜ. ಮಳೆ ಕೈಕೊಟ್ಟ ವರ್ಷ ಊರವರು ತಂದ ಅಕ್ಕಿ, ಬೆಲ್ಲ, ದುಡ್ಡಲ್ಲೇ ಮದುವೆ ನಡೆದಿವೆ, ಅದೂ ಬಡ್ಡಿಯಿಲ್ಲದೆ. ಆದರೆ ಈ ಸೀರೆ ಯಾರ ಮನೆಯ ಒಲೆ ಹಚ್ಚುತ್ತೆ? ಆಗೋದು ಅಂತೆ!

ಈ ಸೀರೆ ಮುಯ್ಯಿ ಬಿಡಬೇಕು ಅನ್ನುವವರು ಎಡವುವುದು ಎಲ್ಲಿ ಅಂದರೆ, ಮೊದಲು ಕೊಡೋದು ನಿಲ್ಲಿಸ್ತಾರೆ. ಆಗ ಜಿಪುಣರು ಅನ್ನೋ ಹೆಸರು ಗ್ಯಾರಂಟಿ. ಮೊದಲು ನಿಲ್ಲಿಸಬೇಕಾದ್ದು ಇಸ್ಕೊಳ್ಳೋದನ್ನ. ಲಗ್ನಪತ್ರಿಕೆಯಲ್ಲಿ "ಉಡುಗೊರೆ ಬೇಡ" ಅಂತ ಅಚ್ಚು ಹಾಕಿಸಿ, ಛತ್ರದ ಬಾಗಿಲಲ್ಲಿ ಮುಯ್ಯಿ ಬರೆಯೋಕೆ ಮೇಜು, ನೋಟ್‌ಬುಕ್ಕು, ಪೆನ್ನು ಸಮೇತ ಷಡ್ಡಕನನ್ನು ಕೂರಿಸಿದರೆ ಬಂದವರು ಯಾವುದನ್ನು ನಂಬಬೇಕು? ಮೇಜೇ ಹಾಕಬೇಡಿ. ಬೀಗರಿಗೆ ಜವಳಿ ಪಟ್ಟಿ ಬರೆಯುವ ಮೊದಲೇ, ನಿಶ್ಚಿತಾರ್ಥದ ದಿನವೇ, ಎರಡೂ ಕಡೆಯ ಹಿರಿಯರೆದುರು ಹೇಳಿ: "ನಮಗೂ ತರಬ್ಯಾಡ್ರಿ, ನಾವೂ ತರಲ್ಲ." ಪಟ್ಟಿ ಬರೆದ ಮೇಲೆ ಹೇಳಿದರೆ ಅವಮಾನ ಅಂತಾರೆ, ಅದೂ ತಪ್ಪಲ್ಲ. ಹಳೇ ಮುಯ್ಯಿ ಪುಸ್ತಕ ತೆಗೆದು, ನೀವು ತೀರಿಸಬೇಕಾದವರಿಗೆ ಅವರ ಮನೆಯ ಮುಂದಿನ ಕಾರ್ಯಕ್ಕೆ ಅಷ್ಟೇ ದುಡ್ಡು ಕವರಲ್ಲಿ ಹಾಕಿ ಕೊಟ್ಟು, ಹೆಸರಿಗೆ ಗೀಟು ಎಳೆಯಿರಿ. 500ಕ್ಕೆ 1000 ಮಾಡಿದಿರೋ, ಮತ್ತೆ ಅವರ ಪುಸ್ತಕದಲ್ಲಿ ನೀವು ಜಮಾ.

ಬೀರುವಿನಲ್ಲಿ ಈಗಾಗಲೇ ಇರುವ ರಾಶಿ? ಹತ್ತಿಯವನ್ನು ಆರಿಸಿ ಕೌದಿಗೆ ಕೊಡಿ. ಪಾಲಿಯೆಸ್ಟರ್ ಕೊಡಬೇಡಿ, ಬೆವರು ಹೀರಲ್ಲ, ಪದರು ಜಾರಿ ಹೊಲಿಗೆ ಸೊಟ್ಟಗಾಗುತ್ತೆ. ಕೌದಿ ಹೊಲಿಯೋ ಅಜ್ಜಿ ಬೆರಳಲ್ಲಿ ಮುಟ್ಟಿ ನೋಡಿಯೇ ವಾಪಸ್ ಚೀಲಕ್ಕೆ ತುರುಕ್ತಾಳೆ: "ಇವು ಕೊಡಾ ಸೀರೆ ಕಣವ್ವಾ, ತಗಂಡೋಗು."